ಒಡೆದರೂ ಅವಶೇಷ ಬಿಡದ ದೋಣಿ: ಆನೆಗೊಂದಿಯ ಹರಿಗೋಲು ಮತ್ತು ಜಲಗರ್ಭದ ಪುರಾತತ್ತ್ವ

ಮುಳುಗಿದ ಮರದ ಹಡಗು ಶತಮಾನಗಳ ಕಾಲ ಉಳಿಯಬೇಕಾದರೆ ಬೇಗ ಹೂಳು ಮುಚ್ಚಬೇಕು, ಆಮ್ಲಜನಕ ತಾಗಬಾರದು, ಮರ ಕೊರೆಯುವ ಹಡಗುಹುಳು ಸುಳಿಯಬಾರದು. 1628ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮುಳುಗಿದ ವಾಸಾ ಹಡಗು 1961ರಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಮೇಲೆ ಬಂತು. ಉಪ್ಪು ಕಡಿಮೆಯಿರುವ ಬಾಲ್ಟಿಕ್ ನೀರಿನಲ್ಲಿ ಆ ಹುಳು ಬದುಕದು. ನಮ್ಮ ಪಶ್ಚಿಮ ಕಡಲು ಹಾಗಲ್ಲ. ಕನ್ನಡಿಗರಾದ ಎಸ್. ಆರ್. ರಾವ್ ಸಮುದ್ರ ಪುರಾತತ್ತ್ವಕ್ಕೆ ಅಡಿಪಾಯ ಹಾಕಿದ ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ, ಸುಂಚಿ ರೀಫ್ ಬಳಿ 17ನೇ ಶತಮಾನದ ಪೋರ್ಚುಗೀಸ್ ನೌಕೆಯ ಜಾಗವನ್ನು ಶೋಧಿಸಿತು. ಅಲ್ಲಿ ದೊರೆತವು ಮುಖ್ಯವಾಗಿ ಫಿರಂಗಿ, ಆನೆದಂತ, ನೀರಾನೆಯ ಹಲ್ಲು, ಜಾಡಿಗಳ ಚೂರು.

ಕಡಲಿಲ್ಲದ ಕೊಪ್ಪಳ ಸೀಮೆಯಲ್ಲಿ ಜಲಗರ್ಭದ ಪುರಾತತ್ತ್ವಕ್ಕೆ ಕೆಲಸವಿದೆಯೇ? ಕುಷ್ಟಗಿ, ಯಲಬುರ್ಗಾ ಒಣಭೂಮಿಯ ತಾಲ್ಲೂಕುಗಳು, ಅವನ್ನು ಬದಿಗಿಡೋಣ. ಗಂಗಾವತಿಯ ಆನೆಗೊಂದಿಯಲ್ಲಿ ಮಾತ್ರ ತುಂಗಭದ್ರೆಯೇ ಹೆದ್ದಾರಿಗೆ ಅಡ್ಡ ನಿಂತಿದ್ದಳು. ರಾಯಚೂರು, ಮುದಗಲ್ಲಿನ ಕಡೆಯಿಂದ ವಿಜಯನಗರಕ್ಕೆ ಬರುವವರು ಇಲ್ಲಿ ಹೊಳೆ ದಾಟಬೇಕಿತ್ತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆ ದಾಟನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ, ಅಂದರೆ ಹರಿಗೋಲು; ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನ ಕೂರಬಹುದು, ಅಗತ್ಯ ಬಿದ್ದರೆ ಕುದುರೆ, ಎತ್ತುಗಳೂ ದಾಟಬಹುದು. ಹುಟ್ಟು ಹಾಕಿದಂತೆಲ್ಲ ಅದು ತಿರುಗುತ್ತಲೇ ಸಾಗುತ್ತದೆ. ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲವೆಂದೂ ಅವನು ಹೇಳುತ್ತಾನೆ. ಬ್ಯಾಬಿಲೋನಿನ ನದಿಯಲ್ಲಿ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ವರ್ಣಿಸಿದ್ದೂ ತೊಗಲು ಹೊದಿಸಿದ ದುಂಡುದೋಣಿಯೇ. ಆದರೆ ಒಂದರಿಂದ ಇನ್ನೊಂದು ಹುಟ್ಟಿತೆನ್ನಲು ಅಷ್ಟು ಹೋಲಿಕೆ ಸಾಲದು.

ಬಂಡೆಗಲ್ಲುಗಳ ನಡುವೆ ಹರಿಯುವ ಈ ಹೊಳೆಗೆ ಹರಿಗೋಲಿಗಿಂತ ಒಪ್ಪುವ ದೋಣಿ ಇಲ್ಲ. ತಳ ಚಪ್ಪಟೆ, ಅಡಿಯಲ್ಲಿ ತೊಲೆಯಿಲ್ಲ. ಕಲ್ಲಿಗೆ ತಾಗಿದರೆ ಹೆಣಿಗೆ ಬಾಗುತ್ತದೆ, ಹಲಗೆಯಂತೆ ಸೀಳುವುದಿಲ್ಲ. ಹೊಳೆ ಏರಿದರೆ ಅಂಬಿಗ ಅದನ್ನು ದಡಕ್ಕೆಳೆದು ಬೋರಲು ಹಾಕುತ್ತಾನೆ. ಸಂಶೋಧಕನಿಗೆ ತೊಡಕಾಗುವುದೂ ಇದೇ ರಚನೆ. ಮರ ಕರಗಿಹೋದ ಹಡಗನ್ನೂ ಕಬ್ಬಿಣದ ಮೊಳೆ, ಲಂಗರು, ತಳಭಾರದ ಕಲ್ಲುಗಳಿಂದ ಗುರುತಿಸಬಹುದು. ಹರಿಗೋಲಿನಲ್ಲಿ ಇವು ಯಾವುವೂ ಇಲ್ಲ. ಬೆತ್ತ, ಬಿದಿರು, ತೊಗಲು ಎಲ್ಲವೂ ಕೊಳೆಯುತ್ತವೆ. ಈಚಿನ ಹರಿಗೋಲುಗಳಿಗೆ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಹಳೆಯದಕ್ಕಿಂತ ಅವೇ ಹೆಚ್ಚು ಕಾಲ ಮಣ್ಣಿನಲ್ಲಿ ಉಳಿದಾವು.

ಹಾಗಾಗಿ ಇಲ್ಲಿ ನೌಕೆಯ ಚರಿತ್ರೆಯನ್ನು ದಡದಿಂದಲೇ ಓದಬೇಕು ಎಂಬುದು ನನ್ನ ವಾದ. ತಳವಾರಘಟ್ಟದ ಹೆಬ್ಬಾಗಿಲು, ಎದುರು ದಡದ ಆನೆಗೊಂದಿಯ ಕೋಟೆ, ವಿಠ್ಠಲ ದೇಗುಲದ ಬಳಿ ಹೊಳೆಯಲ್ಲಿ ಸಾಲಾಗಿ ನಿಂತ ಹಳೆಯ ಸೇತುವೆಯ ಕಲ್ಲುಕಂಬಗಳನ್ನು ಒಂದೇ ನಕ್ಷೆಯಲ್ಲಿಟ್ಟು ನೋಡಿದರೆ ಹೊಳೆಯ ಎರಡು ದಡ ಒಂದೇ ಪಟ್ಟಣದ ಅಂಗಗಳಾಗಿ ಕಾಣುತ್ತವೆ. ಯಾವ ತಿಂಗಳಲ್ಲಿ ಎಲ್ಲಿ ಸುಳಿ, ಎಲ್ಲಿ ಬಂಡೆ ನೀರೊಳಗೆ ಅಡಗುತ್ತದೆ ಎಂಬ ಅಂಬಿಗರ ತಿಳಿವಳಿಕೆಯೂ ಆ ನಕ್ಷೆಗೆ ಸೇರಬೇಕು. ಕಟ್ಟುತ್ತಿದ್ದ ಆನೆಗೊಂದಿ ಸೇತುವೆ 2009ರಲ್ಲಿ ಕುಸಿದು ಕೆಲಸಗಾರರು ಜೀವ ಕಳೆದುಕೊಂಡರು. ಮುಂದೆ ಕಡೇಬಾಗಿಲು–ಬುಕ್ಕಸಾಗರ ಸೇತುವೆ ಬಂತು, ಹರಿಗೋಲಿನ ದುಡಿಮೆ ಕುಗ್ಗಿತು. ಹಾಗಾಗಿ ಅಂಬಿಗರ ಈ ತಿಳಿವಳಿಕೆಯನ್ನು ದಾಖಲಿಸುವ ಕೆಲಸವನ್ನು ಇನ್ನು ಮುಂದೂಡಲಾಗದು.

ಅಣೆಕಟ್ಟು ಇರುವ ಮುನಿರಾಬಾದಿನ ಮೇಲ್ಭಾಗದಲ್ಲಿ ಸ್ಥಿತಿ ಬೇರೆ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯದಡಿ ಹಳ್ಳಿಗಳು, ಗುಡಿಗಳು, ಹಳೆಯ ಕಡವುಗಳು ಮುಳುಗಿವೆ. ಜಲಾಶಯದ ಸಾಮರ್ಥ್ಯವನ್ನು 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿಸಿದ ಹೂಳು ರೈತನಿಗೆ ಶಾಪ. ಅದೇ ಹೂಳಿನ ದಪ್ಪ ಪದರ ಗಾಳಿಯನ್ನು ತಡೆದು ಮರ, ಬಿದಿರುಗಳನ್ನು ಕಾಪಾಡಬಲ್ಲದು. ಹೂಳೆತ್ತುವ ಯಾವ ಯೋಜನೆಯಾದರೂ ಯಂತ್ರಗಳ ಜೊತೆಗೆ ಒಬ್ಬ ಪುರಾತತ್ತ್ವಜ್ಞನನ್ನೂ ಕಳಿಸಬೇಕು.