ಆಗ್ನೆಸಳ ಹೂವು

ಉಡುಪಿ, ಕಾಪು ಕಡೆಯ ನಮಗೆ ಹೂವೆಂದರೆ ಮೊದಲು ನೆನಪಾಗುವುದು ಶಂಕರಪುರದ ಮಲ್ಲಿಗೆ. ಅಟ್ಟೆಯ ಲೆಕ್ಕದಲ್ಲಿ ಬಂದು, ಮುಡಿಯಲ್ಲಿ ಒಂದು ಸಂಜೆ ಬಾಳಿ, ಮರುದಿನ ಬಾಡುವ ಹೂವು ಅದು. ಆರ್ಕಿಡ್ ಹಾಗಲ್ಲ, ಗಿಡದಲ್ಲೇ ವಾರಗಟ್ಟಲೆ ನಿಲ್ಲುತ್ತದೆ. ಕಾರ್ಕಳದಾಚೆ ಘಟ್ಟದ ಮರಗಳಲ್ಲಿ ಮಳೆಗಾಲಕ್ಕೆ ಮುಂಚೆ ಜೋತುಬೀಳುವ ಸೀತಾಳೆ ದಂಡೆಯೂ ಆರ್ಕಿಡ್ಡೇ. ಸೀತೆ ಮುಡಿದ ದಂಡೆಯೆಂದು ಹೇಳುವವರುಂಟು. ಅದು ಕಾಡು ತಾನಾಗಿ ಬೆಳೆಸಿದ್ದು.

ಮಣಿಪಾಲದ ಮನೆಗಳ ಜಗಲಿಯಲ್ಲಿ, ಇದ್ದಿಲು, ತೆಂಗಿನ ಸಿಪ್ಪೆ ತುಂಬಿದ ಚಟ್ಟಿಗಳಲ್ಲಿ ಬೆಳಗುವ ನೇರಳೆ ಆರ್ಕಿಡ್ಡುಗಳು ಹೆಚ್ಚಾಗಿ ಮಿಶ್ರತಳಿಗಳು. ಯಾರೋ ಎರಡು ಜಾತಿ ಬೆರೆಸಿ ಪಡೆದವು. ಈ ವಿದ್ಯೆಯ ಮೊದಲ ಹೂ ಇಂಗ್ಲೆಂಡಿನ ವೀಚ್ ನರ್ಸರಿಯಲ್ಲಿ 1856ರಲ್ಲಿ ಅರಳಿತು. ಬೆರೆಸಿದ ತೋಟಗಾರ ಜಾನ್ ಡೊಮಿನಿಯ ಹೆಸರನ್ನೇ ಅದಕ್ಕಿಟ್ಟರು.

ಸಿಂಗಪುರದ ಆಗ್ನೆಸ್ ಜೋಕಿಂಳ ಪಾಡು ಬೇರೆಯಾಯಿತು. ಆರ್ಮೇನಿಯನ್ ಮನೆತನದ ಈ ಹೆಣ್ಣುಮಗಳು ಎರಡು ಬಗೆಯ ವಾಂಡಾಗಳನ್ನು ಬೆರೆಸಿ ಗುಲಾಬಿ ನೇರಳೆಯ ಹೊಸ ಹೂ ಪಡೆದಳು. ಆರ್ಕಿಡ್ ಬೀಜ ಹುಡಿಯಷ್ಟು ಸಣ್ಣದು; ಅದರೊಳಗೆ ಮೊಳಕೆಗೆ ಬೇಕಾದ ಆಹಾರವಿರುವುದಿಲ್ಲ, ಒಂದು ಬಗೆಯ ಶಿಲೀಂಧ್ರ ಒದಗಿಸಬೇಕು. ಸಕ್ಕರೆ ಬೆರೆಸಿದ ಅಗರ್ ಮೇಲೆ, ಶಿಲೀಂಧ್ರದ ಹಂಗಿಲ್ಲದೆ ಅದನ್ನು ಮೊಳೆಸುವ ದಾರಿಯನ್ನು ಅಮೆರಿಕದ ಲೂಯಿಸ್ ನಡ್ಸನ್ ತೋರಿಸಿದ್ದು 1922ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಆಕೆ ಬೀಜದಿಂದ ಗಿಡ ಎಬ್ಬಿಸಿದ್ದಳು. ಅಲ್ಲಿನ ಸಸ್ಯೋದ್ಯಾನದ ಹೆನ್ರಿ ರಿಡ್ಲಿ 1893ರಲ್ಲೇ, ಬೆರೆಸಿದ್ದು ಅವಳೇ ಎಂದು ಬರೆದಿಟ್ಟ. 1899ರ ಪ್ರದರ್ಶನದಲ್ಲಿ ಆ ಹೂವಿಗೆ ಬಹುಮಾನ ಬಂತು; ಅದೇ ವರ್ಷ ಅವಳು ತೀರಿಕೊಂಡಳು.

ಆಮೇಲೆ ಹೊಸ ಕತೆ ಹುಟ್ಟಿತು. ಒಂದು ಬೆಳಿಗ್ಗೆ ಬಿದಿರಿನ ಮೆಳೆಯ ನಡುವೆ ಅದು ಅವಳ ಕಣ್ಣಿಗೆ ಬಿತ್ತಂತೆ! ವರ್ಷಗಟ್ಟಲೆ ಪಟ್ಟ ಪಾಡು ಒಂದು ಅದೃಷ್ಟವಾಗಿ ಹೋಯಿತು. 1981ರಲ್ಲಿ ‘ವಾಂಡಾ ಮಿಸ್ ಜೋಕಿಂ’ ಸಿಂಗಪುರದ ರಾಷ್ಟ್ರಪುಷ್ಪವಾಯಿತು. ಆದರೂ ಅದನ್ನು ಬೆರೆಸಿದವಳು ಅವಳೇ ಎಂದು ಸರಕಾರಿ ಸಂಸ್ಥೆಗಳು ಒಪ್ಪಲು 2016 ಬರಬೇಕಾಯಿತು. ನಮ್ಮ ಅಡುಗೆಯ ಹದವನ್ನು ‘ಕೈಗುಣ’ ಎಂದು ತೇಲಿಸಿಬಿಡುವ ಮಾತು ನಮಗೇನು ಹೊಸತೇ?

ಅವಳನ್ನು ಉಳಿಸಿದ್ದು ರಿಡ್ಲಿಯ ಆ ನಾಲ್ಕು ಸಾಲು. ನಾವಾದರೋ ಅಂಗಳದ ಆರ್ಕಿಡ್ ಅರಳಿತೆಂದರೆ ಫೋಟೋ ತೆಗೆಯುತ್ತೇವೆ. ಬಿಸಿಲೇರುವ ಮುಂಚಿನ ಮೃದು ಬೆಳಕು, ಹಿಂದೆ ಒಂದು ಕಪ್ಪು ಬಟ್ಟೆ ಇದ್ದರೆ ಎಸಳಿನ ಗೆರೆಗಳೆಲ್ಲ ಎದ್ದು ಕಾಣುತ್ತವೆ. 36 ಪಟಗಳ ರೀಲಿನ ಕಾಲದಲ್ಲಿ ಒಂದೊಂದಕ್ಕೂ ಯೋಚಿಸಬೇಕಿತ್ತು. ಈಗ ಮೊಬೈಲಿನಲ್ಲಿ ನೂರು ತೆಗೆದರೂ ಖರ್ಚಿಲ್ಲ. ನಾನೀಗ ಚಟ್ಟಿಯ ಪಕ್ಕ ಒಂದು ಚೀಟಿ ಇಟ್ಟೇ ಪಟ ತೆಗೆಯುತ್ತೇನೆ: ತಳಿಯ ಹೆಸರು, ಹೂ ಬಿಟ್ಟ ದಿನ, ಮರಿಗಿಡ ಕೊಟ್ಟ ಅಕ್ಕನ ಹೆಸರು.