ಹುಣಸೂರು ಸೀಮೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ: ವಿಷಯ ಆಯ್ಕೆ ಮತ್ತು ತೇರ್ಗಡೆಯ ಚರಿತ್ರೆ

ಮೈಸೂರು ಜಿಲ್ಲೆಯ ಹುಣಸೂರು ಉಪವಿಭಾಗದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಹಳೆಯ ನಾಲ್ಕು ತಾಲ್ಲೂಕುಗಳು. ಈಚೆಗೆ ಕೋಟೆಯಿಂದ ಸರಗೂರು, ಕೆ.ಆರ್.ನಗರದಿಂದ ಸಾಲಿಗ್ರಾಮ ಬೇರೆ ತಾಲ್ಲೂಕುಗಳಾಗಿವೆ. ಇಲ್ಲಿಯ ಬಹುಪಾಲು ಮಕ್ಕಳು ದಾಟಬೇಕಾದ ಪಬ್ಲಿಕ್ ಪರೀಕ್ಷೆಗಳು ಎರಡು: ಹತ್ತನೆಯ ತರಗತಿಯ ಎಸ್ಸೆಸ್ಸೆಲ್ಸಿ, ಹನ್ನೆರಡನೆಯ ತರಗತಿಯ ದ್ವಿತೀಯ ಪಿಯುಸಿ. ಮೊದಲನೆಯದರಲ್ಲಿ ವಿದ್ಯಾರ್ಥಿಗೆ ಆಯ್ಕೆ ಎಂಬುದು ಹೆಚ್ಚುಕಡಿಮೆ ಭಾಷೆಗಷ್ಟೇ ಸೀಮಿತ. ಎರಡನೆಯದರಲ್ಲಿ ಕಾಗದದ ಮೇಲೆ ಆಯ್ಕೆ ಧಾರಾಳ. ಆದರೆ ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆ ಮನೆ ಸೇರುವಷ್ಟು ದೂರದಲ್ಲಿರುವ ಕಾಲೇಜು ಯಾವ ಕಾಂಬಿನೇಷನ್ ಕೊಡುತ್ತದೋ ಅದೇ ಅನೇಕರ ಆಯ್ಕೆಯಾಗುತ್ತದೆ.

ಹಳೇ ಮೈಸೂರು ಸಂಸ್ಥಾನದಲ್ಲಿ ಶಾಲೆ ಮುಗಿಸಿದವನೆಂದರೆ ಬಹುಕಾಲ ಲೋಯರ್ ಸೆಕೆಂಡರಿ ಪಾಸಾದವನು ಎಂದೇ ಅರ್ಥವಿತ್ತು. ಹಳ್ಳಿಗಳಲ್ಲಿ ಅದನ್ನು ‘ಎಲ್.ಎಸ್.’ ಎನ್ನುತ್ತಿದ್ದರು. ಅಷ್ಟು ಓದಿದವರಿಗೆ ಊರಿನ ಶಾಲೆಯ ಮೇಷ್ಟರಾಗಲು, ಗುಮಾಸ್ತರಾಗಲು ದಾರಿ ತೆರೆಯುತ್ತಿತ್ತು. 1868ರಲ್ಲಿ ಬಿ.ಎಲ್.ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಅಕ್ಷರವನ್ನು ಹಳ್ಳಿಯ ಸಮೀಪಕ್ಕೆ ತಂದಿತಾದರೂ ಹೈಸ್ಕೂಲು ದೂರದಲ್ಲೇ ಉಳಿಯಿತು. ಕಾಲೇಜು ಸೇರಬೇಕೆಂದವರು ಮದರಾಸು ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ದಾಟಬೇಕಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಆ ಲಗಾಮು ಸಂಸ್ಥಾನದ ಕೈಗೆ ಬಂತು.

ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ಡಿ.ದೇವರಾಜ ಅರಸು ಹುಟ್ಟಿದ್ದು 1915ರಲ್ಲಿ. ಅವರು ಓದಿದ್ದು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ, ಪದವಿ ಪಡೆದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಅನುಕೂಲವಿದ್ದ ಮನೆಯ ಹುಡುಗನೂ ಊರು ಬಿಟ್ಟೇ ಓದಬೇಕಾಗಿದ್ದ ಕಾಲ ಅದು. ಮಿಕ್ಕವರ ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು, ಹಿಂದುಳಿದ ವರ್ಗಗಳ ಸ್ಥಿತಿ ಅರಿಯಲು ಹಾವನೂರು ಆಯೋಗ ನೇಮಿಸಿದರು. ಅವರ ಕಾಲದಲ್ಲಿ ಹೆಚ್ಚಿದ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ತಾಲ್ಲೂಕು ಕೇಂದ್ರದ ಹೈಸ್ಕೂಲನ್ನು ಹಳ್ಳಿ ಹುಡುಗರಿಗೆ ಎಟುಕುವಂತೆ ಮಾಡಿದವು. ಈ ಸೀಮೆಯ ಶಿಕ್ಷಣದ ಕತೆಯಲ್ಲಿ ಯಾವ ಪಠ್ಯಕ್ರಮ ಸುಧಾರಣೆಗಿಂತಲೂ ಹಾಸ್ಟೆಲಿನ ಪಾಲು ದೊಡ್ಡದು.

ವಿಷಯ ಆಯ್ಕೆಯ ಇತಿಹಾಸಕ್ಕೆ ಒಂದು ವಿಚಿತ್ರ ತಿರುವಿದೆ. 1952–53ರ ಮುದಲಿಯಾರ್ ಆಯೋಗ ವಿವಿಧೋದ್ದೇಶ ಪ್ರೌಢಶಾಲೆಗಳಾಗಬೇಕು ಎಂದಿತು. ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಕವಲುಗಳನ್ನು ಸೂಚಿಸಿತು. ಹದಿಹರೆಯದ ಹುಡುಗ ಹೈಸ್ಕೂಲಿನಲ್ಲೇ ದಾರಿ ಆರಿಸಿಕೊಳ್ಳಲಿ ಎಂಬುದು ಅದರ ಆಶಯ. ಹತ್ತು ವರ್ಷ ಕಳೆದ ಮೇಲೆ ಬಂದ ಕೊಠಾರಿ ಆಯೋಗ (1964–66) ಇದನ್ನು ತಿರುಗಿಸಿಬಿಟ್ಟಿತು: ಹತ್ತನೆಯವರೆಗೆ ಎಲ್ಲರಿಗೂ ಒಂದೇ ಸಾಮಾನ್ಯ ಶಿಕ್ಷಣ, ಕವಲು ಆಮೇಲೆ. ಹಿಂದಿನ ಇಂಟರ್‌ಮೀಡಿಯೆಟ್ ಜಾಗಕ್ಕೆ ಬಂದಿದ್ದ ಒಂದು ವರ್ಷದ ಪಿಯುಸಿ 1970ರ ದಶಕದ ಆರಂಭದಲ್ಲಿ ಎರಡು ವರ್ಷದ್ದಾಯಿತು. ಅಲ್ಲಿಂದಾಚೆಗೆ ‘ಮುಂದೇನು ತಗೋತೀಯ?’ ಎಂಬ ಪ್ರಶ್ನೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನದ ಪ್ರಶ್ನೆಯಾಗಿ ನಿಂತಿದೆ. ಪರೀಕ್ಷೆ ನಡೆಸಲು 1966ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಸ್ಥಾಪನೆಯಾಗಿತ್ತು. 2022ರಲ್ಲಿ ಪಿಯು ಪರೀಕ್ಷಾ ವಿಭಾಗವೂ ಅದರೊಂದಿಗೆ ಕೂಡಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಆಯಿತು.

ಹತ್ತನೆಯಲ್ಲಿ ಉಳಿದ ಒಂದೇ ದೊಡ್ಡ ಆಯ್ಕೆ ಪ್ರಥಮ ಭಾಷೆ. ಅದಕ್ಕಾಗಿ ರಾಜ್ಯವೇ ಬೀದಿಗಿಳಿದಿತ್ತು. ಅಂಕ ಸುಲಭವೆಂದು ಸಂಸ್ಕೃತ ತೆಗೆದುಕೊಂಡು ಕನ್ನಡವನ್ನು ಬದಿಗಿಡುವ ಚಾಳಿ ಬೆಳೆದಾಗ ಸರ್ಕಾರ 1979ರಲ್ಲಿ ಪ್ರಥಮ ಭಾಷೆಯ ಪಟ್ಟಿಯಿಂದ ಸಂಸ್ಕೃತವನ್ನು ಕೈಬಿಟ್ಟಿತು. ಗದ್ದಲವೆದ್ದಿತು, 1980ರಲ್ಲಿ ವಿ.ಕೃ.ಗೋಕಾಕ್ ಸಮಿತಿ ರಚನೆಯಾಯಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಲಿ, ಅದಕ್ಕೆ 150 ಅಂಕ ಇರಲಿ ಎಂದು 1981ರಲ್ಲಿ ವರದಿ ಬಂತು. ವರದಿಯ ಜಾರಿಗಾಗಿ ಎದ್ದ ಚಳವಳಿಗೆ 1982ರಲ್ಲಿ ನಟ ರಾಜ್‌ಕುಮಾರ್ ಧುಮುಕಿದ ಮೇಲೆ ಅದರ ಸ್ವರೂಪವೇ ಬದಲಾಯಿತು. ಸರ್ಕಾರ ಹೊರಡಿಸಿದ ಆದೇಶಗಳು ಕೋರ್ಟಿನ ಮೆಟ್ಟಿಲೇರಿದವು. ಕೊನೆಗೆ 1989ರ ಭಾಷಾ ಆದೇಶ ಬಂತು, 1993ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪ್ರಥಮ ಭಾಷೆಗೆ 125 ಅಂಕ ಎಂಬ ಲೆಕ್ಕ ನೆಲೆಯೂರಿದ್ದು ಆ ಹೋರಾಟದ ಬೆನ್ನಿಗೇ. ಉಳಿದ ಐದು ವಿಷಯಗಳು, ಅಂದರೆ ದ್ವಿತೀಯ ಭಾಷೆ, ತೃತೀಯ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ತಲಾ 100. ಒಟ್ಟು 625.

ಈ ಸೀಮೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಾಮಾನ್ಯ ಸರಣಿ ಕನ್ನಡ, ಇಂಗ್ಲಿಷ್, ಹಿಂದಿ. ಪಟ್ಟಿಯಲ್ಲಿ ಉರ್ದು, ತಮಿಳು, ತೆಲುಗು, ಮರಾಠಿಗೆ ಪ್ರಥಮ ಭಾಷೆಯ ಸ್ಥಾನ ಇದೆ. ತುಳು, ಕೊಂಕಣಿ ತೃತೀಯ ಭಾಷೆಗಳಾಗಿ ಸೇರಿವೆ. ಕೋಟೆ, ಹುಣಸೂರಿನ ಹಾಡಿಗಳ (ಗಿರಿಜನ ವಸತಿಗಳ) ಜೇನುಕುರುಬರು ಮನೆಯಲ್ಲಿ ಆಡುವ ನುಡಿಗೆ ಮಾತ್ರ ಯಾವ ಕಾಲಂನಲ್ಲೂ ಜಾಗವಿಲ್ಲ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟು ಎಂದು ಗುರುತಿಸಿದ ಸಮುದಾಯಗಳು ಎರಡೇ: ಕೊರಗರು ಮತ್ತು ಈ ಜೇನುಕುರುಬರು. ಹಾಡಿಯ ಮಗುವಿಗೆ ಕಾಗದದ ಮೇಲಿನ ‘ಪ್ರಥಮ ಭಾಷೆ’ ವಾಸ್ತವದಲ್ಲಿ ಎರಡನೆಯದು. ಆಶ್ರಮ ಶಾಲೆಯ ಕೆಳತರಗತಿಗಳನ್ನು ಮುಗಿಸಿ ಬೇರೆ ಊರಿನ ಹೈಸ್ಕೂಲು, ಹಾಸ್ಟೆಲು ಸೇರುವ ಹೊತ್ತಿಗೆ ಹಲವರು ಓದನ್ನೇ ಬಿಟ್ಟಿರುತ್ತಾರೆ. ಡಾ. ಆರ್.ಬಾಲಸುಬ್ರಹ್ಮಣ್ಯಂ ಮತ್ತು ಮೈಸೂರು ವೈದ್ಯಕೀಯ ಕಾಲೇಜಿನ ಗೆಳೆಯರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೋಟೆ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಗಿರಿಜನ ಮಕ್ಕಳ ಶಾಲೆ ಆರಂಭಿಸಿತು. ಅದು ಹೊಸಹಳ್ಳಿಯಲ್ಲಿ ವಸತಿ ಶಾಲೆಯಾಗಿ ಬೆಳೆದು ಹತ್ತನೆಯ ತರಗತಿಯವರೆಗೆ ಮಕ್ಕಳನ್ನು ಒಂದೇ ಆವರಣದಲ್ಲಿ ಉಳಿಸಿಕೊಂಡಿತು. ಐದನೆಯ ನಂತರ, ಏಳನೆಯ ನಂತರ ಶಾಲೆ ಬದಲಿಸಬೇಕಾದ ಕಷ್ಟವೇ ಅಲ್ಲಿಲ್ಲ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಬೇರೆಯೇ ಲೆಕ್ಕ. 1960ರ ದಶಕದ ಆರಂಭದಲ್ಲಿ ನೆಲೆಸಿದ ಟಿಬೆಟನ್ನರ ಶಾಲೆಗಳು ಸಿಬಿಎಸ್‌ಇ ಪದ್ಧತಿಯವು. ಅಲ್ಲಿ ಟಿಬೆಟನ್ ಭಾಷೆಯೇ ಒಂದು ಪರೀಕ್ಷಾ ವಿಷಯ, ತೇರ್ಗಡೆಗೆ ಬೇಕಾದ್ದು ಐದು ವಿಷಯಗಳಲ್ಲಿ ಶೇ 33. ಅದೇ ತಾಲ್ಲೂಕಿನ ಪಕ್ಕದ ಕನ್ನಡ ಶಾಲೆಯ ಹುಡುಗಿ ಆರು ವಿಷಯಗಳಲ್ಲೂ ಶೇ 35 ಗಳಿಸಬೇಕಿತ್ತು. ಮೂವತ್ತಮೂರು ಬಂದವನು ಒಂದು ಕಡೆ ಪಾಸು, ಇನ್ನೊಂದು ಕಡೆ ಫೇಲು. ಕನ್ನಡ ಭಾಷಾ ಕಲಿಕೆ ಅಧಿನಿಯಮ 2015 ಬಂದ ಮೇಲೆ ಕೇಂದ್ರ ಪಠ್ಯಕ್ರಮದ ಶಾಲೆಗಳೂ ಹಂತಹಂತವಾಗಿ ಕನ್ನಡ ಕಲಿಸಬೇಕೆಂಬ ನಿಯಮವಾಯಿತು.

ಹೈಸ್ಕೂಲಿನ ಚೌಕಟ್ಟು ಬಿಗಿ ಎಂದರೂ ಸಣ್ಣ ಕಿಂಡಿಗಳಿವೆ. ಅಂಧರು ಮತ್ತಿತರ ವಿಶೇಷ ಅಗತ್ಯದ ಅಭ್ಯರ್ಥಿಗಳು ಗಣಿತದ ಬದಲು ಸಮಾಜಶಾಸ್ತ್ರ, ವಿಜ್ಞಾನದ ಬದಲು ರಾಜ್ಯಶಾಸ್ತ್ರ ಅಥವಾ ಸಂಗೀತ ಬರೆಯಬಹುದು. ಆಯ್ದ ಸರ್ಕಾರಿ ಶಾಲೆಗಳಲ್ಲಿ ತೃತೀಯ ಭಾಷೆಯ ಜಾಗದಲ್ಲಿ ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ಬ್ಯೂಟಿ ಅಂಡ್ ವೆಲ್‌ನೆಸ್‌ನಂಥ ವೃತ್ತಿ ವಿಷಯಗಳನ್ನು ಇಟ್ಟಿದ್ದಾರೆ. ಹಿಂದಿಯ ಬದಲು ಎಂಜಿನ್ ಕಲಿಯುವ ಈ ಅವಕಾಶಕ್ಕೆ ಸಿಗಬೇಕಾದ ಪ್ರಚಾರ ಸಿಕ್ಕಿಲ್ಲ.

ಅಂಕಪದ್ಧತಿ ಆಗಾಗ ಮಗ್ಗುಲು ಬದಲಿಸಿದೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಜಾರಿಯಾದ ಮೇಲೆ ನೂರರಲ್ಲಿ 20 ಶಾಲೆಯ ಕೈಗೆ, 80 ಪಬ್ಲಿಕ್ ಪರೀಕ್ಷೆಗೆ ಎಂದಾಯಿತು. ಕೊರೊನಾ ಹಾವಳಿಯ 2021ರಲ್ಲಿ ಇಡೀ ಎಸ್ಸೆಸ್ಸೆಲ್ಸಿ ಜುಲೈ 19 ಮತ್ತು 22ರ ಎರಡೇ ದಿನಗಳಲ್ಲಿ ಓಎಂಆರ್ ಹಾಳೆಯ ಮೇಲೆ ಮುಗಿಯಿತು, ಬಹುತೇಕ ಎಲ್ಲರೂ ಪಾಸಾದರು. ಆ ವರ್ಷ ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆ ರದ್ದಾಗಿ, ಮುಖ್ಯವಾಗಿ ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿ ಅಂಕಗಳಿಂದ ಫಲಿತಾಂಶ ಕಟ್ಟಲಾಯಿತು. 2024ರಲ್ಲಿ ಪೂರಕ ಪರೀಕ್ಷೆಯ ಹೆಸರು ಹೋಗಿ ಪರೀಕ್ಷೆ-1, 2, 3 ಬಂದವು. ‘ಸಪ್ಲಿಮೆಂಟರಿ’ ಎಂಬ ಹಣೆಪಟ್ಟಿ ಕಳಚಿದ್ದು ಸಣ್ಣ ಸಂಗತಿಯಲ್ಲ. ಅದೇ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ಕುಸಿದು, ಶೇ 20ರಷ್ಟು ಕೃಪಾಂಕ ಕೊಟ್ಟ ಮೇಲೂ ನಿಂತದ್ದು ಶೇ 73.40ಕ್ಕೆ. ಹಿಂದಿನ ವರ್ಷಗಳ ಉಬ್ಬರದಲ್ಲಿ ಕಾಪಿಯ ಪಾಲೆಷ್ಟು ಎಂಬ ಪ್ರಶ್ನೆಗೆ ಕ್ಯಾಮೆರಾವೇ ಉತ್ತರ ಹೇಳಿದಂತಾಯಿತು.

2025ರ ಅಕ್ಟೋಬರಿನಲ್ಲಿ ಸರ್ಕಾರ ತೇರ್ಗಡೆಯ ಗೆರೆಯನ್ನೇ ಇಳಿಸಿತು: ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ 33, ಅಂದರೆ 625ಕ್ಕೆ 206, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30. ಪಿಯುಸಿಗೆ 600ಕ್ಕೆ 198. ಲೆಕ್ಕ ಹಾಕಿ ನೋಡಿದರೆ ಇದರ ಒಳಗುಟ್ಟು ತಿಳಿಯುತ್ತದೆ. ಎಲ್ಲದರಲ್ಲೂ ಬರೀ 30 ತೆಗೆದರೆ ಪಾಸಾಗುವುದಿಲ್ಲ, ಒಟ್ಟು 206 ಮುಟ್ಟದು. ಐದು ವಿಷಯಗಳಲ್ಲಿ ತಲಾ 30, ಅಂದರೆ 150 ಬಂದ ಹುಡುಗ ಕನ್ನಡದಲ್ಲಿ 125ಕ್ಕೆ 56 ಗಳಿಸಿದರೆ ಸರಿಯಾಗಿ ದಡ ಸೇರುತ್ತಾನೆ. ಗಣಿತ, ಇಂಗ್ಲಿಷಿನಲ್ಲಿ ತತ್ತರಿಸುವ ಗ್ರಾಮೀಣ ಮಕ್ಕಳಿಗೆ ಪ್ರಥಮ ಭಾಷೆಯ ಆ ಹೆಚ್ಚುವರಿ 25 ಅಂಕ ಈಗ ಹಿಂದೆಂದಿಗಿಂತ ಬೆಲೆಯುಳ್ಳದ್ದು. ಇಂಥವರಿಗಾಗಿಯೇ ಮೇಷ್ಟರುಗಳು ಪಾಸಾಗಲು ಸಾಕಾಗುವಷ್ಟು ಪ್ರಶ್ನೋತ್ತರಗಳ ‘ಪಾಸಿಂಗ್ ಪ್ಯಾಕೇಜ್’ ತಯಾರಿಸುತ್ತಾರೆ. ಅದು ಪಾಸು ಮಾಡಿಸುತ್ತದೆ. ಮುಂದೆ ಪಿಯುಸಿ ವಿಜ್ಞಾನಕ್ಕೆ ಬೇಕಾದ ಬುನಾದಿ ಹಾಕುವುದಿಲ್ಲ.

ತೇರ್ಗಡೆಗೆ ಅಂಕದ ಜತೆ ಹಾಜರಾತಿಯೂ ಬೇಕು, ಶೇ 75. ಈ ಸೀಮೆಯ ಹಳೆಯ ನಾಲ್ಕೂ ತಾಲ್ಲೂಕುಗಳು ವರ್ಜೀನಿಯಾ ತಂಬಾಕಿನ ನಾಡು. ಸೊಪ್ಪು ಮುರಿದು, ಕಡ್ಡಿಗೆ ಪೋಣಿಸಿ, ಬ್ಯಾರನ್ನಿಗೆ ಏರಿಸಿ ಬೇಯಿಸುವ ಕೆಲಸ ಬೀಳುವುದು ಮಳೆಗಾಲದಲ್ಲಿ, ಶಾಲಾ ವರ್ಷದ ಮೊದಲರ್ಧದಲ್ಲಿ. ಕೂಲಿಗೆ ಆಳು ಸಿಗದ ಮನೆಯಲ್ಲಿ ಮಕ್ಕಳ ಕೈಯೂ ಬೇಕಾಗುತ್ತದೆ. ಹಾಜರಿ ಪುಸ್ತಕದ ಕೊರತೆಗೆ ಅನೇಕ ವೇಳೆ ಬ್ಯಾರನ್ನೇ ಕಾರಣ.

ಇನ್ನು ಪಿಯುಸಿ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ತಲಾ 100. ಕನ್ನಡ ಇಲ್ಲಿ ಕಡ್ಡಾಯವಲ್ಲ. ವಿಜ್ಞಾನದಲ್ಲಿ ಪಿಸಿಎಂಬಿ, ಪಿಸಿಎಂಸಿ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜತೆ ಜೀವಶಾಸ್ತ್ರ ಇಲ್ಲವೇ ಕಂಪ್ಯೂಟರ್ ವಿಜ್ಞಾನ; ಕಲೆಯಲ್ಲಿ ಎಚ್‌ಇಪಿಎಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ; ವಾಣಿಜ್ಯದಲ್ಲಿ ಎಚ್‌ಇಬಿಎ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಐಚ್ಛಿಕ ಕನ್ನಡ, ಮನೋವಿಜ್ಞಾನ, ಸಂಖ್ಯಾಶಾಸ್ತ್ರ, ಭೂಗೋಳಶಾಸ್ತ್ರ ಪಟ್ಟಿಯಲ್ಲಿವೆ, ಎಲ್ಲ ಕಾಲೇಜುಗಳಲ್ಲೂ ಇಲ್ಲ. ಪ್ರಯೋಗಾಲಯ ಕೇಳದ ಎಚ್‌ಇಪಿಎಸ್ ನಡೆಸುವುದು ಅಗ್ಗ, ಆದ್ದರಿಂದ ಹೋಬಳಿ ಮಟ್ಟದ ಸರ್ಕಾರಿ ಕಾಲೇಜಿನಲ್ಲಿ ಅದು ಮೊದಲು ಸಿಗುತ್ತದೆ. 1970ರ ದಶಕದ ಕೊನೆಯಲ್ಲಿ ಕರ್ನಾಟಕ ಪಿಯು ಮಟ್ಟದಲ್ಲಿ ಜೆಒಸಿ ಎಂಬ ವೃತ್ತಿ ಕೋರ್ಸುಗಳನ್ನು ತಂದಿತು. ಅವು ಮುಚ್ಚಿಹೋದ ಮೇಲೆ ಐಟಿಐ, ಡಿಪ್ಲೊಮಾಗಳೇ ಆ ದಾರಿಯಾಗಿ ಉಳಿದವು. 2012–13ರಲ್ಲಿ ಪ್ರಥಮ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯ ಬಂದಾಗ ಕನ್ನಡ ಮಾಧ್ಯಮದಿಂದ ಬಂದವರಿಗೆ ಕಲಿಕೆ ಇನ್ನಷ್ಟು ಕಡಿದಾಯಿತು. ಹುಡುಗಿಯರ ಮಟ್ಟಿಗೆ 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯ ಉಚಿತ ಬಸ್ಸು ಆಯ್ಕೆಯ ವ್ಯಾಪ್ತಿಯನ್ನು ಹಿಗ್ಗಿಸಿದೆ: ಟಿಕೆಟ್ಟಿನ ಖರ್ಚು ಅಡ್ಡಿಯಾಗಿದ್ದಲ್ಲಿ ಹೋಬಳಿಯ ಕಾಲೇಜನ್ನು ದಾಟಿ ಹುಣಸೂರು, ಕೆ.ಆರ್.ನಗರದ ವಿಜ್ಞಾನ ವಿಭಾಗಕ್ಕೆ ಹೋಗಬಹುದು.

ತಂಬಾಕು ಬೆಳೆಗಾರರ ಮನೆಗಳಿಗೆ ಪಿಸಿಎಂಬಿ ಆಕರ್ಷಕವಾಗಲು ಬೇರೊಂದು ಕಾರಣವಿದೆ. ಬಿ.ಎಸ್ಸಿ ಕೃಷಿ ಪದವಿಯಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಕಾಳು, ಗೊಬ್ಬರ ಗುರುತಿಸುವ ವಿದ್ಯೆ ಹೊಲದಲ್ಲಿ ಬೆಳೆದವರಿಗೆ ಹೊಸತಲ್ಲ. ವೃತ್ತಿ ಪದವಿಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5. ಮೊದಲನೆಯದಕ್ಕೆ ಒಂದರಿಂದ ಹತ್ತರವರೆಗಿನ ಪೂರ್ತಿ ಓದು ಗ್ರಾಮೀಣ ಪ್ರದೇಶದಲ್ಲೇ ಆಗಿರಬೇಕು, ಎರಡನೆಯದಕ್ಕೆ ಕನ್ನಡ ಮಾಧ್ಯಮದಲ್ಲೇ. ‘ಒಳ್ಳೆ ಸ್ಕೂಲು’ ಎಂದು ಎಂಟನೆಯ ತರಗತಿಗೆ ಹುಣಸೂರು ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಮಗುವನ್ನು ಸೇರಿಸುವ ಪೋಷಕರು ಎರಡೂ ಮೀಸಲಾತಿಯನ್ನು ಒಂದೇ ದಿನ ಕಳೆದುಕೊಳ್ಳುತ್ತಾರೆ. ಈ ಮಾತು ಮನೆಯಲ್ಲಿ ಚರ್ಚೆಗೆ ಬರುವುದು ನಾಲ್ಕು ವರ್ಷ ತಡವಾಗಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮುಂದೆ ಸರ್ಟಿಫಿಕೇಟಿಗೆ ಸಾಲು ನಿಂತಾಗ.

ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿ ಎರಡು ಭಾಷೆ ಸಾಕು, ಶಾಲಾ ರಚನೆ 2+8+4 ಆಗಲಿ ಎಂದಿದೆ. ಒಂಬತ್ತರಿಂದ ಹನ್ನೆರಡರವರೆಗೆ ಒಂದೇ ಘಟ್ಟವಾದರೆ ಕವಲೊಡೆಯುವ ಜಾಗ ಯಾವುದೆಂದು ಮತ್ತೆ ನಿರ್ಧರಿಸಬೇಕಾಗುತ್ತದೆ, ಹೈಸ್ಕೂಲು ಒಂದು ಊರಿನಲ್ಲಿ ಪಿಯು ಕಾಲೇಜು ಇನ್ನೊಂದು ಊರಿನಲ್ಲಿ ಇರುವ ಕಡೆಯಂತೂ ಕಟ್ಟಡದಿಂದಲೇ ಆರಂಭಿಸಬೇಕು. ಸದ್ಯಕ್ಕೆ ಪೋಷಕರು ಗಮನಿಸಬೇಕಾದ್ದು ಇಷ್ಟು: ಎಂಜಿನಿಯರಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಲೇಬೇಕು, ವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕು. ಅರ್ಜಿ ತುಂಬುವ ಮೊದಲು ಆ ಕಾಲೇಜಿನಲ್ಲಿ ಈ ವಿಷಯಗಳಿಗೆ ಉಪನ್ಯಾಸಕರು ಇದ್ದಾರೆಯೇ, ಪ್ರಯೋಗಾಲಯ ತೆರೆದಿದೆಯೇ ಎಂದು ಒಮ್ಮೆ ಖುದ್ದಾಗಿ ಹೋಗಿ ನೋಡಿ ಬರಬೇಕು.