ಚರ: ಅಲೆಯುವುದು, ಬದಲಾಗುವುದು

ಚರ

ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟ ಏಳನೇ ತರಗತಿಯ ಹುಡುಗಿ, ‘ಇದರಲ್ಲಿ ಚರಾಕ್ಷರ ಯಾವುದು?’ ಎಂದು ಕೇಳಿದಳು. ಚರಾಕ್ಷರವೆಂದರೆ ಬೀಜಗಣಿತದ ಎಕ್ಸ್, ವೈ. ಪ್ರಯೋಗದಲ್ಲಿ ಬದಲಾಗುವ ಸಂಗತಿಗೆ ಅಕ್ಷರವೇಕೆ? ಚರ ಎಂದರೆ ಸಾಕು.

ಸಂಸ್ಕೃತದ ‘ಚರ್’ ಧಾತುವಿಗೆ ನಡೆ, ಅಲೆ ಎಂಬರ್ಥ. ಚರಣ, ಸಂಚಾರ, ಆಚಾರ ಎಲ್ಲ ಅದೇ ಬಳ್ಳಿಯವು. ಹಿಂದೆ ಚರನೆಂದರೆ ಗೂಢಚಾರ, ಮಠದಲ್ಲಿ ಚರಮೂರ್ತಿ ಊರೂರು ತಿರುಗುವ ಜಂಗಮ, ಆಸ್ತಿಪತ್ರದಲ್ಲಿ ಚರಾಸ್ತಿ. ವಿಜ್ಞಾನಕ್ಕೆ ಬಂದಾಗ ಕಾಲಿನ ನಡೆ ಬೆಲೆಯ ಬದಲಾವಣೆಯಾಯಿತು. ಹಿಂದಿಯಲ್ಲೂ ಚರ, ತೆಲುಗಿನಲ್ಲಿ ಚರರಾಶಿ. ತಮಿಳಿನ ‘ಮಾರಿ’ ಮಾತ್ರ ನಮ್ಮ ‘ಮಾರ್ಪಡು’ವಿನ ನೆಂಟ, ಅಂಥದೊಂದು ಅಚ್ಚಗನ್ನಡ ಪದ ನಮಗೂ ಇದ್ದರೆ ಎಷ್ಟು ಚೆನ್ನ!

ಮತ್ತೆ ಆ ಕಲ್ಲಿಗೆ ಬರೋಣ. ದಾರ 25 ಸೆಂ.ಮೀ. ಇದ್ದರೆ ಒಮ್ಮೆ ಹೋಗಿ ಬರಲು ಸುಮಾರು 1 ಸೆಕೆಂಡು. 1 ಮೀಟರಾದರೆ 2. ನಾವು ಬದಲಿಸಿದ ಉದ್ದ ಸ್ವತಂತ್ರ ಚರ. ಅದರ ಹಿಂದೆಯೇ ಬದಲಾದ ಕಾಲ ಅವಲಂಬಿತ ಚರ. ಎರಡು ಸಲವೂ ಕಲ್ಲು ಅದೇ ಇರಬೇಕು. ಅದರ ತೂಕ ನಿಯಂತ್ರಿತ ಚರ: ಬದಲಾಗಬಲ್ಲದು, ಆದರೆ ನಾವೇ ಬೇಕೆಂದು ಹಿಡಿದಿಟ್ಟದ್ದು.